ಪುರಸಭೆಗೆ ನಾನು ಕಲಿಸಿದ ಒಡಪು

ನಮ್ಮ ಊರಿನ ಪುರಸಭೆಗೆ ಫೇಸ್‌ಬುಕ್ಕಿನಲ್ಲಿ ಒಂದು ಪುಟ ಇದೆ. (ಊರಿನ ಹೆಸರು ಕೇಳಬೇಡಿ. ಹೇಳಿದರೆ ನಾಳೆ ನಲ್ಲಿಯಲ್ಲಿ ಬರೀ ಗಾಳಿ ಬಂದೀತು. ಮಾನ್ವಿಗೂ ದೇವದುರ್ಗಕ್ಕೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ.) ಆ ಪುಟದಲ್ಲಿ ಏನುಂಟು? ಹಾರ. ಹಾರ ಹಾಕುವವರು, ಹಾಕಿಸಿಕೊಳ್ಳುವವರು, ತಮಗೆ ಹಾರ ಸಾಲದೆ ಪಕ್ಕದವರ ಹಾರಕ್ಕೆ ಕತ್ತು ಚಾಚಿದವರು. ಒಂದೇ ಒಂದು ಕಸದ ಗಾಡಿಯ ಚಿತ್ರವಿಲ್ಲ. ಇರುವುದಾದರೂ ಹೇಗೆ? ಗಾಡಿ ಬಂದರೆ ತಾನೆ ಚಿತ್ರ!

ನಮ್ಮ ಓಣಿಗೆ ಕಸದ ಗಾಡಿ ಬಂದದ್ದನ್ನು ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ. ಹೀಗಾಗಿ ಮನೆಯ ಕಸ ಸಾಗಿಸುವ ಮಹತ್ಕಾರ್ಯ, ಮಡದಿ ಮಹಾಂತಮ್ಮನ ಆಜ್ಞೆಯಂತೆ, ನಿವೃತ್ತ ಗುಮಾಸ್ತನಾದ ಈ ಗದ್ದೆಪ್ಪನ ಪಾಲಿಗೆ ಬಂದಿತ್ತು. ಎಲ್ಲಿಗೆ ಸಾಗಿಸಲಿ? ನೆರೆಮನೆಯ ಸತ್ತಾರ್ ಸಾಬರ ಗೋಡೆಯ ಹಿಂದೆ ಸುರಿಯುತ್ತಿದ್ದೆ. ರಾಶಿ ಬೆಳೆದು ಬೆಳೆದು, ಅದರ ನೆತ್ತಿಯ ಮೇಲೆ ನಿಂತ ಕತ್ತೆಗೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಕಾಣುವಷ್ಟಾಯಿತು. ಸತ್ತಾರ್ ಸಾಬರು “ಯಾವ ಶೈತಾನ್ ಒಗಿತಾನ್ರೀ ಇದನ್ನ?” ಎಂದು ಶಪಿಸುವಾಗ ನಾನೂ ಜೊತೆಗೂಡಿ ಎರಡು ಶಾಪ ಹೆಚ್ಚೇ ಹಾಕುತ್ತಿದ್ದೆ. ನೆರೆಹೊರೆ ಎಂದಮೇಲೆ ಸಹಕಾರ ಬೇಡವೆ?

ಪುರಸಭೆಯ ಪುಟದಲ್ಲಿ ಬರೆದೆ: ‘ಕಸದ ಗಾಡಿ ಎಲ್ಲಿ?’ ಉತ್ತರವಾಗಿ ಮುಗಿದ ಎರಡು ಕೈಗಳ ಚಿತ್ರ ಬಂತು. ‘ಕೈ ಮುಗಿದದ್ದು ಸಾಕು, ಆ ಕೈಗೆ ಕಸಬರಿಗೆ ಕೊಡಿ’ ಎಂದು ಬರೆದೆ. ಮತ್ತೆರಡು ಕೈ. ನಾನೇನು ದೇವಸುಗೂರಿನ ದೇವರೆ, ಬಂದವರಿಂದೆಲ್ಲ ಕೈ ಮುಗಿಸಿಕೊಳ್ಳಲು?

ಸಿಟ್ಟು ನೆತ್ತಿಗೇರಿ ಕಚೇರಿಗೇ ಹೋದೆ. ಪುಟ ನೋಡಿಕೊಳ್ಳುವ ನಗ್ಮಾ ಎಂಬ ಹುಡುಗಿ ನನಗಿಂತ ಹೆಚ್ಚು ಬೇಸತ್ತಿದ್ದಳು.

“ನಾ ಏನ್ ಮಾಡ್ಲಿ ಚಾಚಾ? ಸಾಹೇಬ್ರು ಹಾರದ ಫೋಟೋ ಕೊಡ್ತಾರ, ಹಾಕ್ತೀನಿ. ಒಬ್ರೂ ನೋಡಂಗಿಲ್ಲ.”

“ಹೆಂಗ ನೋಡ್ತಾರವ್ವಾ? ಮಂದಿ ಮಾತು ಮಂದಿ ಬಾಯಿಲೆ ಹೇಳಸ್ರಿ. ಕಸದ ಮ್ಯಾಲ ಒಡಪಿನ ಸ್ಪರ್ಧೆ ಇಡ್ರಿ. ಹೆಣ್ಮಕ್ಳು ವಿಡಿಯೋ ಮಾಡಿ ಕಳಸ್ಲಿ. ಗೆದ್ದಾಕಿ ಓಣಿಗೆ ದಿನಾ ಗಾಡಿ!”

ಗಂಡನ ಹೆಸರನ್ನು ಬಾಯಿಬಿಟ್ಟು ಕರೆಯದ ನಮ್ಮ ಕಡೆಯ ಹೆಣ್ಣುಮಕ್ಕಳು ಮದುವೆ ಮನೆಯಲ್ಲಿ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದೇ ಒಡಪು. ನಮ್ಮ ಮಹಾಂತಮ್ಮ ಮಸರಕಲ್ಲಿನವಳು. ಒಡಪಿನಲ್ಲಿ ಅವಳನ್ನು ಮೀರಿಸುವವರು ಕೃಷ್ಣೆಯ ಈ ದಂಡೆಗೂ ಇಲ್ಲ, ಆ ದಂಡೆಗೂ ಇಲ್ಲ. ನಗ್ಮಾ ಅಲ್ಲೇ ಪುಟದಲ್ಲಿ ಸ್ಪರ್ಧೆ ಸಾರಿದಳು; ಗಾಡಿ ನಮ್ಮದೇ ಎಂದು ಮನೆಗೆ ಹಾರುತ್ತ ಬಂದೆ.

“ಖರೇ ಕಟ್ಲೋ, ಸುಳ್ಳು ಕಟ್ಲೋ?” ಎಂದಳು ಮಹಾಂತಮ್ಮ.

“ಖರೇನ ಕಟ್ಟು. ಸರ್ಕಾರಿ ಕೆಲಸ, ಸುಳ್ಳು ನಡಿಯಂಗಿಲ್ಲ.”

“ಆಮ್ಯಾಲ ಮುಖ ಉಬ್ಬಿಸಬಾರ್ದು ಮತ್ತ.”

“ಊರ ತುಂಬ ನನ್ನ ಹೆಸರು ಕೇಳ್ಸೂದಂದ್ರ ಮುಖ ಯಾಕ ಉಬ್ಬಿಸ್ಲಿ? ಎದಿ ಉಬ್ಬಸ್ತೀನಿ!”

ವಿಡಿಯೋವನ್ನು ತಾನೇ ಮಾಡಿ ತಾನೇ ಕಳಿಸಿದಳು. ನನಗೆ ತೋರಿಸಲಿಲ್ಲ. (ನಾಚಿಕೆ ಎಂದುಕೊಂಡೆ. ಈ ವಯಸ್ಸಿನಲ್ಲೂ ನಾನು ಎಷ್ಟು ಭೋಳೆ ನೋಡಿ.)

ಗೆದ್ದಳು! ಗಾಡಿ ಬರುವ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಟ್ಟು, ಜಿಲ್ಲಾಧಿಕಾರಿಯನ್ನು ಎದುರುಗೊಳ್ಳುವವನಂತೆ ಬಾಗಿಲಲ್ಲಿ ನಿಂತೆ. ಓಣಿಯ ತಿರುವಿನಲ್ಲಿ ಗಾಡಿ ಕಾಣಿಸಿತು. ಅದರ ನೆತ್ತಿಯ ಮೈಕಿನಿಂದ ನನ್ನ ಧರ್ಮಪತ್ನಿಯ ಕಂಠ ಮೊಳಗಿತು:

“ಹಸಿ ಕಸಕ್ಕ ಹಸರ ಬುಟ್ಟಿ, ಒಣ ಕಸಕ್ಕ ನೀಲಿ ಬುಟ್ಟಿ,
ಸತ್ತಾರ್ ಸಾಬರ ಗ್ವಾಡಿ ಹಿಂದ ಕಸದ ರಾಶಿ ಒಟ್ಟಿ,
ಕಳ್ಳ ಬೆಕ್ಕಿನಂಗ ಮನಿಗೆ ಬರ್ತಾರ ನಮ್ಮ ಗದ್ದೆಪ್ಪ ಜಗಜಟ್ಟಿ!”

ಸತ್ತಾರ್ ಸಾಬರು ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಾಗೇ ಇಟ್ಟುಕೊಂಡು ಹೊರಗೆ ಬಂದರು. “ಅರೆ ಗದ್ದೆಪ್ಪಣ್ಣ, ನೀನಾ? ಪಾಪ, ರಾಶಿ ಮ್ಯಾಲಿನ ಆ ಕತ್ತೆಗೆ ನಾ ಎಷ್ಟು ಬೈದೆ!”

ಮಧ್ಯಾಹ್ನದೊಳಗೆ ಸಿರವಾರದಿಂದ ಫೋನು, ರಾಯಚೂರಿನಿಂದ ಫೋನು. ನಮ್ಮ ಬೀಗರಂತೂ ಮರ್ಯಾದೆಯಿಂದಲೇ ಕೇಳಿದರು: “ಜಗಜಟ್ಟಿಯವ್ರು ಮನ್ಯಾಗ ಅದಾರೇನ್ರಿ?”

ಇದನ್ನು ಸಹಿಸುವುದುಂಟೆ? ಕಚೇರಿಗೆ ಧಾವಿಸಿ, ಮೇಜು ಗುದ್ದಿ, ಆ ಮೈಕು ಈ ಗಳಿಗೆಯೇ ಬಂದಾಗಬೇಕು ಎಂದು ಗುಡುಗಿದೆ. ನಗ್ಮಾಳ ಮುಖದಲ್ಲಿ ಹಬ್ಬ.

“ನಿಮ್ಮ ಐಡಿಯಾ ಭಾರಿ ಆತು ಚಾಚಾ! ಈಗ ಊರ ಮಂದಿ ಎಲ್ಲಾ ನಮ್ಮ ಪುಟದಾಗ ಬರಿಯಾಕತ್ತಾರ. ಸಾಹೇಬ್ರೂ ಕುಂತು ಉತ್ತರ ಕೊಡಾಕತ್ತಾರ, ಬ್ಯಾರೆ ಓಣಿಗೂ ಗಾಡಿ ಹೊಂಟಾವ. ಚಾಚಿ ಆಗ್ಲೇ ಇನ್ನೊಂದು ಒಡಪು ಕಟ್ಯಾರ, ನಲ್ಲಿಗೆ ಮೋಟರ್ ಹಚ್ಚಿ ಓಣಿ ನೀರೆಲ್ಲಾ ಎಳಕೊಳ್ಳೋರ ಮ್ಯಾಲ. ವಿಡಿಯೋ ಇವತ್ತೇ ಕಳಸ್ತಾರಂತ.”

ಗುದ್ದಿದ ಕೈಯನ್ನು ಮೇಜಿನಿಂದ ಮೆಲ್ಲಗೆ ತೆಗೆದೆ. “ಯಾರ ಹೆಸರು ಹಾಕ್ಯಾಳವ್ವಾ?”

“ಅಯ್ಯ ಚಾಚಾ, ತನ್ನ ಗಂಡನ್ನ ಬಿಟ್ಟು ಮಂದಿ ಗಂಡಂದ್ರ ಹೆಸರು ಹಾಕಾಕ ಬರ್ತದೇನ್ರಿ?”

ಈ ಮಂಡಿನೋವಿನಲ್ಲೂ ಮನೆಯವರೆಗೆ ಓಡಿದೆ. ನೇರ ಹಿತ್ತಿಲಿಗೆ ನುಗ್ಗಿ, ನಲ್ಲಿಯ ಮೋಟರು ಬಿಚ್ಚಿ, ಮಗುವಿನಂತೆ ಎದೆಗವಚಿಕೊಂಡು ಅಡಗಿಸಲು ಜಾಗ ಹುಡುಕುತ್ತಿದ್ದೆ. ಹಿಂದಿನಿಂದ ಮಹಾಂತಮ್ಮನ ದನಿ ಬಂತು, ಕೈಯಲ್ಲಿ ಫೋನು ಹಿಡಿದಿದ್ದಳು.

“ಏನ್ರೀ, ಸ್ವಲ್ಪ ಈ ಕಡಿ ತಿರಗ್ರಿ. ಮೋಟರ್ ಚಂದ ಬಂದದ, ನಿಮ್ಮ ಮುಖ ಬರವಲ್ದು.”