ಮೂರು ಮಾತು, ಮೂರು ಗಂಟು

ಬೇರೆಯವರ ತಲೆ ಪರೀಕ್ಷೆ ಮಾಡಲು ಹೋದಾಗಲೆಲ್ಲ ನನ್ನ ತಲೆಯೇ ಕೆಟ್ಟು ಬಂದಿದೆ. ಎಂಬತ್ತರ ದಶಕದಲ್ಲಿ ಬಾಗಲಕೋಟೆಯ ಒಂದು ಕುಡಿತ ಬಿಡಿಸುವ ಶಿಬಿರಕ್ಕೆ ನಾನು ಕಂಪೌಂಡರ್. ಹೆಸರಿಗೊಬ್ಬರು ಡಾಕ್ಟರಿದ್ದರು, ಶಿಬಿರ ನಿಂತಿದ್ದು ನನ್ನ ನೆನಪಿನ ಶಕ್ತಿಯ ಮೇಲೆ. ಕೃಷ್ಣೆಯಿಂದ ಮಲಪ್ರಭೆಯ ತನಕ ನನ್ನಂಥ ನೆನಪಿನ ಗಂಡಸು ಇರಲಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ.

ಮೈಸೂರು ಕಡೆಯ ಆ ಡಾಕ್ಟರು ಒಂದು ಹೊಸ ಪರೀಕ್ಷೆ ತಂದರು. ಕುಡಿದು ಕುಡಿದು ಮೆದುಳು ಮಂಕಾಗಿದೆಯೋ ಏನೋ, ಪ್ರಶ್ನೆ ಕೇಳಿ ನೋಡಬೇಕು. ಪಾಸಾದವರು ಮನೆಗೆ, ಉಳಿದವರಿಗೆ ಇನ್ನೂ ಹದಿನೈದು ದಿನ ಚಿಕಿತ್ಸೆ.

ಇದನ್ನು ಕೇಳಿ ಇಳಕಲ್ಲಿನ ನೇಕಾರನೊಬ್ಬ ಬೆವತುಹೋದ. ಮಗಳ ಮದುವೆಗೆ ಹನ್ನೆರಡೇ ದಿನ. ಅವಳ ಸೀರೆ ಸೆರಗು ಬಾಕಿ ಉಳಿದು ಮಗ್ಗದ ಮೇಲಿತ್ತು. "ಕಾಕಾ, ಆ ಸೆರಗ ನಾನ ನೇಯಬೇಕು. ಹೆಂಗರೆ ಮಾಡಿ ಪಾರು ಮಾಡ್ರಿ" ಎಂದ.

"ನಾ ಇರೂತನಕ ಅಂಜಬ್ಯಾಡಲೇ" ಎಂದೆ.

೧. ಇವತ್ತು ಯಾವ ವಾರ?

ಮೊದಲು ಕೂತವನು ಬೇವೂರಿನ ರೈತ. "ಇಂದು ಯಾವ ವಾರ?" ಎಂದರು ಡಾಕ್ಟರು. ಅವನು ಎದ್ದು ಕಿಟಕಿಯಲ್ಲಿ ಇಣುಕಿದ.

"ಸೋಮವಾರ್ರಿ."

"ಕಿಟಕಿಯಲ್ಲಿ ಬರೆದಿದೆಯೇ?"

"ಎದುರಿನ ಹೊಲದವ್ರು ಎತ್ತು ಕಟ್ಟಿ ನೊಗ ಗ್ವಾಡಿಗೆ ಆನಿಸ್ಯಾರ್ರಿ. ಸೋಮವಾರ ಬಸವಣ್ಣಗ ರಜಾ, ಯಾರೂ ಹೂಡೂದಿಲ್ಲ."

ಗೋಡೆಯ ಕ್ಯಾಲೆಂಡರ್ ಮಂಗಳವಾರ ಎನ್ನುತ್ತಿತ್ತು. ಡಾಕ್ಟರು ಸೊನ್ನೆ ಹಾಕಿದರು. ಅಷ್ಟರಲ್ಲಿ ಬಂದ ಪೋಸ್ಟ್‌ಮನ್ "ಸೋಮವಾರ ಅಲ್ಲೇನ್ರಿ?" ಎಂದ. ಡಾಕ್ಟರು ಸೊನ್ನೆ ಅಳಿಸಿ ರೈತನನ್ನು ಪಾಸು ಮಾಡಿದರು, ನನ್ನನ್ನು ದುರುಗುಟ್ಟಿ ನೋಡಿದರು. ದಿನಾ ಕ್ಯಾಲೆಂಡರಿನ ಹಾಳೆ ಹರಿಯುವವನು ನಾನು. ಒಂದೇ ಏಟಿಗೆ ಎರಡು ಹರಿದಿದ್ದರೆ ಅದು ನನ್ನ ತೋಳಬಲ, ತಪ್ಪಲ್ಲ.

೨. ನೂರರಲ್ಲಿ ಏಳು ಕಳೆ

ಮುಂದೆ ಹುನಗುಂದದ ಒಬ್ಬ ಮಾಸ್ತರು. "ನೂರರಿಂದ ಏಳೇಳು ಕಳೆಯುತ್ತ ಹೋಗಿ" ಎಂದರು ಡಾಕ್ಟರು.

ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಬದುಕಿದ ಜೀವ. ಉತ್ತರ ಕೊಟ್ಟು ರೂಢಿಯೇ ಇಲ್ಲ. "ಮೊದಲ ಕೈ ಕಟ್ಟು. ನೀ ಹೇಳು ನೋಡೂಣು!" ಎಂದು ಗುಡುಗಿದರು.

ಆ ದನಿಗೆ ಡಾಕ್ಟರು ಕೈ ಕಟ್ಟಿಯೇಬಿಟ್ಟರು. "ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ನಾಲ್ಕು..."

"ತಪ್ಪು! ಹೊರಗ ನಿಂದ್ರು!"

ಡಾಕ್ಟರು ವರಾಂಡದಲ್ಲಿ ಹೋಗಿ ನಿಂತರು. ಅಲ್ಲಿ ಒಂದು ಗಳಿಗೆ ನಿಂತ ಮೇಲೆ, ಪರೀಕ್ಷೆ ಯಾರದೆಂದು ನೆನಪಾಗಿ ಒಳಗೆ ಬಂದರು.

೩. ಮೂರು ಮಾತು

ಕೊನೆಗೆ ನಮ್ಮ ನೇಕಾರ. ಡಾಕ್ಟರು ಚೀಟಿಯಲ್ಲಿ ಬರೆದಿದ್ದ ಮೂರು ಮಾತು ಓದಿ, "ನೆನಪಿಟ್ಟುಕೊಳ್ಳಿ, ಐದು ನಿಮಿಷದ ನಂತರ ಕೇಳುತ್ತೇನೆ" ಎಂದರು. ಅವನು ಧೋತರದ ಚುಂಗಿಗೆ ಒಂದೊಂದು ಮಾತಿಗೆ ಒಂದೊಂದು ಗಂಟು ಹಾಕಿದ.

"ಇದೇನಿದು?"

"ಮಗ್ಗದಾಗ ನಾವು ಹಿಂಗ ಗುರ್ತು ಇಡೂದ್ರಿ."

ಚೀಟಿ ನನ್ನ ಕೈಗೆ ಬಂತು. ಅಷ್ಟರಲ್ಲಿ ಬೇವೂರಿನ ರೈತ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದ. ಅವನ ಹಸಿವಿನ ಪುಡಿಯನ್ನು ಕೈಗೆ ಸಿಕ್ಕ ಕಾಗದದಲ್ಲಿ ಕಟ್ಟಿಕೊಟ್ಟು ಕಳಿಸಿದೆ.

ಐದು ನಿಮಿಷವಾಯಿತು. "ಚೀಟಿ ಎಲ್ಲಿ?" ಎಂದರು ಡಾಕ್ಟರು. ಚೀಟಿ ಬಸ್ಸು ಹತ್ತಿತ್ತು.

"ಚಿಂತಿಲ್ರಿ, ನನ್ನ ತಲ್ಯಾಗ ಅದಾವು" ಎಂದೆ. ತಲೆಯೊಳಗೆ ಹೊಕ್ಕು ನೋಡಿದರೆ ಬಟಾಬಯಲು.

ನೇಕಾರ ಗಂಟು ಸವರುತ್ತ, "ಛತ್ರಿ... ಗಡಗಿ... ಗಡಿಯಾರ" ಎಂದ.

"ಬರೋಬ್ಬರಿ!" ಎಂದು ಮೇಜು ಗುದ್ದಿದೆ.

ಡಾಕ್ಟರು ಸೂರು ನೋಡಿ, "ಹೌದು, ಅವೇ" ಎಂದು ಸಹಿ ಹಾಕಿದರು.

ವಾರದ ಮೇಲೆ ನೇಕಾರ ಸೀರೆ ಹಿಡಿದು ತೋರಿಸಲು ಬಂದ. ಸೆರಗಿನಲ್ಲಿ ಒಂದು ಎಳೆ ತಪ್ಪಿಲ್ಲ! ಅವನು, ಡಾಕ್ಟರು, ನಾನು, ಮೂವರೂ ಬೀಗುತ್ತಿರುವಾಗ ಬೇವೂರಿನ ರೈತ ಒಳಗೆ ಬಂದ, ಕೈಯಲ್ಲಿ ಅದೇ ಚೀಟಿ.

"ಸಾಹೇಬ್ರ, ನೀವು ಚೀಟ್ಯಾಗ ಬರೆದಂಗ ಮಾಡಿದೆ. ಬೇವಿನ ಗಿಡದ ಬುಡಕ, ಕುರ್ಚಿ ಮ್ಯಾಲ ಕುಂತು, ಎಮ್ಮಿ ನೋಡ್ಕೋತ ಪುಡಿ ನುಂಗಿದೆ. ಭಾಳ ಗುಣ ಬಂತ್ರಿ!"

ಬೇವು, ಕುರ್ಚಿ, ಎಮ್ಮೆ. ನೇಕಾರ ಗೋಡೆಯ ಮೇಲಿನ ಛತ್ರಿ, ಮೂಲೆಯ ನೀರಿನ ಗಡಗಿ, ಗಡಿಯಾರಗಳನ್ನು ಕಳ್ಳನೋಟದಲ್ಲಿ ನೋಡಿ ತಲೆ ತಗ್ಗಿಸಿದ. ಡಾಕ್ಟರು ಪೆನ್ನು ಬಿಚ್ಚಿ ಮುಚ್ಚಿದರು. ನಾನು ಕೆಮ್ಮಿದೆ. ಮೂವರಲ್ಲಿ ಯಾರನ್ನು ಯಾರು ಶಿಬಿರಕ್ಕೆ ಸೇರಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಮೂರೂ ಮಾತು ನೆನಪಿದ್ದ ಆ ಒಬ್ಬನೇ ಒಬ್ಬ ಚೀಟಿ ಮುಂದೆ ಚಾಚಿದ: "ಇನ್ನೊಂದು ಪುಡಿ ಕೊಡ್ರಿ. ಈ ಸಲ ಎಮ್ಮಿ ಬದ್ಲಿ ಆಕಳ ಬರೀರಿ ಸಾಹೇಬ್ರ, ಎಮ್ಮಿ ಒದಿಯಾಕತ್ತೈತಿ."