ಮಗುವಿನ ತೊಡೆಯ ಮೇಲೆ ಬಿದ್ದ ಸೀಲಿನ ಸಿಂಧುತ್ವದ ಬಗ್ಗೆ

ಮಕ್ಕಳ ಉಳಿತಾಯ ಖಾತೆ ಇಲಾಖೆ
ಶಾಖಾ ಕಚೇರಿ, ಮೂರನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ, ದುರಸ್ತಿ ಪರಿಶೀಲನೆಯಲ್ಲಿದೆ)

ಸುತ್ತೋಲೆ ಸಂಖ್ಯೆ: ಮಉಖಾ/ತೊಡೆ(ಬಲ)/೧

ವಿಷಯ: ತೆರಿಗೆರಹಿತ ಉಳಿತಾಯ ಖಾತೆಯನ್ನು ಆರಿಸುವಾಗ ಖಾತೆದಾರರು ಅರ್ಜಿಯನ್ನು ತಿನ್ನುವ ಬಗ್ಗೆ, ಹಾಗೂ ಸೀಲು ಬಿದ್ದ ಖಾತೆದಾರರಿಗೆ ಸ್ನಾನ ಮಾಡಿಸುವ ಬಗ್ಗೆ.

ಉಲ್ಲೇಖ:
(ಅ) 'ಯಾವ ಖಾತೆ ಬೇಕೆಂಬುದನ್ನು ಖಾತೆದಾರರೇ ಖುದ್ದಾಗಿ ಆರಿಸತಕ್ಕದ್ದು' ಎಂಬ ಇಲಾಖೆಯ ಹಳೆಯ ನಿಯಮ.
(ಆ) ವೆಲ್ಡಿಂಗ್ ಕೆಲಸದ ಯುವಕರೊಬ್ಬರ ಮೌಖಿಕ ಮನವಿ (ಕೆಳಗಿನ ಬೀದಿಯವರೆಗೆ ಕೇಳಿಸಿದ್ದು).
(ಇ) ಸದರಿ ಯುವಕರ ಪತ್ನಿಯ ಮೌಖಿಕ ಮನವಿ (ಅದಕ್ಕಿಂತಲೂ ದೂರ ಕೇಳಿಸಿದ್ದು).

ಪ್ರಸ್ತಾವನೆ:

ಏಳನೇ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದ ಯುವಕರೊಬ್ಬರು ಕಳೆದ ಸೋಮವಾರ ತಮ್ಮ ಮಗಳನ್ನು ಎತ್ತಿಕೊಂಡು, ಮೂರು ಮಹಡಿ ಹತ್ತಿ, ಈ ಕಚೇರಿಗೆ ಹಾಜರಾಗಿರುತ್ತಾರೆ. ದಿನವೆಲ್ಲ ಕಿಡಿ ಹಾರಿಸುವ ಕೆಲಸವಾದ್ದರಿಂದ ಸದರಿಯವರ ಕೋಪ ಮೂಗಿನ ತುದಿಯಲ್ಲೇ ಇರುವುದನ್ನು ಇಲಾಖೆ ಗಮನಿಸಿದೆ. "ನಾನಂತೂ ಓದ್ಲಿಲ್ಲ ಸಾರ್. ಇವಳು ಓದೋ ಹೊತ್ತಿಗೆ ಕೈಯಲ್ಲಿ ಏನಾದ್ರೂ ಇರ್ಲಿ ಅಂತ" ಎಂಬುದು ಅವರ ಕೋರಿಕೆಯ ಸಾರಾಂಶ.

ಇಲಾಖೆಯಲ್ಲಿ ಮೂರು ಬಗೆಯ ಖಾತೆಗಳಿರುತ್ತವೆ. ಮೊಗ್ಗು (ಗುಲಾಬಿ ಅರ್ಜಿ): ತೆರಿಗೆ ಇಲ್ಲ, ಆದರೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಅರ್ಜಿ ಸ್ವೀಕಾರವಾಗಿರತಕ್ಕದ್ದು. ಹೂವು (ಹಸಿರು ಅರ್ಜಿ): ಯಾವಾಗ ಬೇಕಾದರೂ ತೆರೆಯಬಹುದು, ತೆರಿಗೆ ಇದೆ. ಕಾಯಿ (ಬಿಳಿ ಅರ್ಜಿ): ತೆರಿಗೆ ಇದೆಯೇ ಇಲ್ಲವೇ ಎಂಬುದು ಇಲಾಖೆಗೂ ತಿಳಿದಿರುವುದಿಲ್ಲ. ಮಗುವಿಗೆ ಮಂಗಳವಾರಕ್ಕೆ ವರ್ಷ ತುಂಬುವುದಿತ್ತು.

"ಮೂರರಲ್ಲಿ ಯಾವುದು ಒಳ್ಳೇದು ಸಾರ್?" ಎಂಬ ಪ್ರಶ್ನೆಗೆ ಕೌಂಟರಿನ ಗುಮಾಸ್ತರು, "ಹಾಗೆಲ್ಲ ಹೇಳೋ ಹಾಗಿಲ್ಲಪ್ಪ. ಖಾತೆ ಯಾರದ್ದೋ ಅವರೇ ಆರಿಸ್ಬೇಕು" ಎಂದು ಉಲ್ಲೇಖ (ಅ)ರಂತೆ ಸರಿಯಾಗಿಯೇ ಉತ್ತರಿಸಿರುತ್ತಾರೆ. ಯುವಕರು ಸಿಡುಕಿನಿಂದ ಮಗುವನ್ನು ಕೌಂಟರಿನ ಮೇಲೆ ಕೂರಿಸಿ, ಮೂರೂ ಅರ್ಜಿ ಮುಂದೆ ಹರಡಿ, "ಆರ್ಸು ಪುಟ್ಟಿ, ಸಾಹೇಬರು ಕಾಯ್ತಾ ಇದಾರೆ" ಎಂದಿರುತ್ತಾರೆ. ಮಗು ಗುಲಾಬಿ ಅರ್ಜಿಯನ್ನು ಆರಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಗೆ ವಿರುದ್ಧವಾಗಿ, ಸದರಿ ಅರ್ಜಿಯು ಬಾಯಿಗೂ ಬಂದಿರುತ್ತದೆ.

ಅದೇ ಕ್ಷಣದಲ್ಲಿ, ಇಪ್ಪತ್ತೆಂಟು ವರ್ಷಗಳಿಂದ ಕತ್ತೆತ್ತಿ ನೋಡದೆ ಸೀಲು ಒತ್ತುತ್ತಾ ಬಂದಿರುವ ಗುಮಾಸ್ತರು 'ಸ್ವೀಕರಿಸಲಾಗಿದೆ' ಎಂಬ ತಾರೀಖಿನ ಸೀಲನ್ನು ಅರ್ಜಿ ಇದ್ದ ಜಾಗಕ್ಕೆ ಒತ್ತಿರುತ್ತಾರೆ. ಆ ಜಾಗದಲ್ಲಿ ಆಗ ಮಗುವಿನ ಬಲತೊಡೆ ಇತ್ತು. ಮಗು ನಕ್ಕಿದ್ದು, ಇದನ್ನು ಆಕ್ಷೇಪಣೆ ಇಲ್ಲವೆಂದು ದಾಖಲಿಸಲಾಗಿದೆ.

ಒಂದು ಮಗುವಿಗೆ ಒಂದೇ ಅರ್ಜಿ ಎಂಬ ನಿಯಮವಿರುವುದರಿಂದ ಇನ್ನೊಂದನ್ನು ಕೊಡಲಾಗಲಿಲ್ಲ. ಮಂಗಳವಾರ ಶಾಖಾಧಿಕಾರಿಗಳು "ಅರ್ಜಿ ಎಲ್ಲಯ್ಯಾ?" ಎಂದಾಗ ಯುವಕರು ಮಗುವಿನ ಹೊಟ್ಟೆಯನ್ನೂ, "ಸ್ವೀಕರಿಸಿದ್ದಕ್ಕೆ ಸಾಕ್ಷಿ?" ಎಂದಾಗ ತೊಡೆಯನ್ನೂ ತೋರಿಸಿರುತ್ತಾರೆ. ಅರ್ಜಿಯು ಅಂದು ಬೆಳಿಗ್ಗೆಯೇ ಹೊರಬಂದಿದ್ದು, ಅದನ್ನು ಪರಿಶೀಲಿಸಲು ಯಾವ ವಿಭಾಗವೂ ಮುಂದೆ ಬಂದಿರುವುದಿಲ್ಲ. ಆದ್ದರಿಂದ ಕೆಳಕಂಡ ಒಂದರಿಂದ ಐದರವರೆಗಿನ ನಿಯಮಗಳನ್ನು ಮಂಗಳವಾರದಿಂದಲೇ ಜಾರಿಗೊಳಿಸಿ, ಉಳಿದದ್ದನ್ನು ಆದಂತೆ ಸೇರಿಸಲಾಗಿದೆ.

೧. ಖಾತೆದಾರರು ಅರ್ಜಿಯನ್ನು ನೆಕ್ಕಿದಲ್ಲಿ ಅದನ್ನು ವಿಚಾರಣೆ ಎಂದೂ, ಕಚ್ಚಿದಲ್ಲಿ ಒಪ್ಪಿಗೆ ಎಂದೂ, ಉಗುಳಿದಲ್ಲಿ ಅರ್ಜಿ ವಾಪಸಾತಿ ಎಂದೂ ಪರಿಗಣಿಸತಕ್ಕದ್ದು. ನುಂಗಿದಲ್ಲಿ, ನುಂಗಿದ ಕಾಗದದಲ್ಲಿರುವ ಸಕಲ ಸೌಲಭ್ಯಗಳೂ ಖಾತೆದಾರರ ಹೆಸರಿಗೆ ನೋಂದಣಿಯಾದಂತೆ.

೨. ಹಲ್ಲು ಬಂದವರು ಕನಿಷ್ಠ ಎರಡು ಹಲ್ಲಿನ ಗುರುತು ಹಾಕತಕ್ಕದ್ದು. ಬಾರದವರು ವಸಡಿನ ಗುರುತು ಹಾಕಿ, ಹಲ್ಲು ಬಂದ ಕೂಡಲೇ ಖುದ್ದಾಗಿ ಹಾಜರಾಗಿ ದೃಢೀಕರಿಸತಕ್ಕದ್ದು. ಪೋಷಕರು ಅರ್ಜಿಗೆ ಸಕ್ಕರೆ ಸವರುವುದು ಆಮಿಷವೆನಿಸುತ್ತದೆ.

೩. ಸೀಲು ಬಿದ್ದ ವಸ್ತು ಯಾವುದೇ ಇರಲಿ, ಅದು ಮೂಲ ದಾಖಲೆ. ಆದ್ದರಿಂದ ಮಗುವನ್ನು ಮಡಚುವಂತಿಲ್ಲ. ತೂತು ಹೊಡೆದು ಟ್ಯಾಗು ಕಟ್ಟುವುದರಿಂದ ಮಾತ್ರ ವಿನಾಯಿತಿ ನೀಡಲಾಗಿದೆ. ಜೆರಾಕ್ಸ್ ತೆಗೆಯಲು ಯತ್ನಿಸಲಾಗಿ, ಪ್ರತಿಯಲ್ಲಿ ಒಂದು ಹಿಮ್ಮಡಿಯೂ ಗುಮಾಸ್ತರ ಗಾಬರಿಯ ಮುಖವೂ ಮಾತ್ರ ಬಂದಿರುತ್ತವೆ.

೪. ಮೂಲ ದಾಖಲೆಯನ್ನು ಕಚೇರಿ ವೇಳೆಯಲ್ಲಿ ರೆಕಾರ್ಡ್ ರೂಮಿನಲ್ಲಿ ಇರಿಸತಕ್ಕದ್ದು. ಇರಿಸಿದ ಹತ್ತನೇ ನಿಮಿಷಕ್ಕೆ ರೆಕಾರ್ಡ್ ರೂಮಿನವರು ಓಡಿಬಂದು, "ಸಾರ್, ಫೈಲು ಅಳ್ತಾ ಇದೆ" ಎಂದು ವರದಿ ಮಾಡಿರುತ್ತಾರೆ. ಇನ್ನು ಮುಂದೆ ಅಳುವ ಫೈಲುಗಳನ್ನು 'ತುರ್ತು' ಎಂದೂ, ಒದ್ದೆಯಾದ ಫೈಲುಗಳನ್ನು 'ಅತಿ ತುರ್ತು' ಎಂದೂ ವರ್ಗೀಕರಿಸತಕ್ಕದ್ದು.

೫. ಸೀಲಿನ ಪರಿಶೀಲನೆಗೆ ಹದಿನೈದು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಮಗುವಿಗೆ ಸ್ನಾನ ನಿಷೇಧಿಸಲಾಗಿದೆ. ಪರಿಶೀಲನೆಗೆ ಮುನ್ನ ಸೀಲು ಅಳಿಸಿಹೋದಲ್ಲಿ ಅದು ಖಾತೆದಾರರದೇ ನಿರ್ಲಕ್ಷ್ಯ. ಅಂಥವರು ತೆರಿಗೆ ಇರುವ ಹೂವು ಖಾತೆಯಲ್ಲಿ ಅರಳತಕ್ಕದ್ದು.

೬. ಈ ಸಂಬಂಧ ಮಗುವಿನ ತಾಯಿಯವರು ಬುಧವಾರ ಕಚೇರಿಗೆ ಬಂದು, "ಮಗು ಮೈಯೆಲ್ಲ ಹುಳಿ ವಾಸನೆ ಹೊಡೀತಿದೆ. ನಿಮ್ಮ ಸೀಲಿಗಿಷ್ಟು ಬೆಂಕಿ ಹಾಕ! ನಿಮ್ಮ ಮನೇಲಿ ಮಕ್ಕಳನ್ನ ಹದಿನೈದು ದಿನಕ್ಕೊಂದ್ಸಲ ತೊಳೀತೀರೇನ್ರೀ?" ಎಂದು ವಿಚಾರಿಸಿರುತ್ತಾರೆ. ಸಿಬ್ಬಂದಿಯ ಸ್ನಾನದ ವಿವರಗಳು ಗೌಪ್ಯವಾಗಿದ್ದು, ಒದಗಿಸಲು ಬರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ.

೭. ಗುರುವಾರದ ವೇಳೆಗೆ ಸೀಲಿನಲ್ಲಿ 'ಸ್ವೀಕ' ಎಂಬಷ್ಟೂ ತಾರೀಖೂ ಮಾತ್ರ ಉಳಿದಿರುತ್ತವೆ. ಯುವಕರು ಅಂಗಡಿಗೆ ಬಾಗಿಲು ಹಾಕಿ, ಕಚೇರಿಯ ಬೆಂಚಿನ ಮೇಲೆ ಕುಳಿತು, ಬೆವರದಿರಲೆಂದು ತೊಡೆಗೆ ಗಾಳಿ ಹಾಕುತ್ತಾ, ತಾರೀಖಿನ ಅಂಕಿಗಳನ್ನು ಗಳಿಗೆಗೊಮ್ಮೆ ತುಟಿಯಲ್ಲೇ ಓದಿಕೊಳ್ಳುತ್ತಿದ್ದುದನ್ನು ಜವಾನರು ನೋಡಿರುತ್ತಾರೆ. ಕೊನೆಗೆ ಎದ್ದು ನಿಂತು, "ಕಬ್ಬಿಣಕ್ಕೆ ಕಬ್ಬಿಣ ಅಂಟಿಸೋಕೆ ನಂಗೆ ಎರಡು ನಿಮಿಷ ಸಾಕು. ತೊಡೆ ಮೇಲಿನ ತಾರೀಖು ಓದೋಕೆ ನಿಮ್ಗೆ ಹದಿನೈದು ದಿನಾನಾ?" ಎಂದು ಕೂಗಿರುತ್ತಾರೆ. ಕಚೇರಿಯಲ್ಲಿ ಕೂಗುವವರು ಮೊದಲು ಕೂಗಿನ ಕರಡನ್ನು ಎರಡು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

೮. ಸದರಿ ಕೂಗಿನ ವೇಳೆ 'ಅತಿ ತುರ್ತು' ಫೈಲಾಗಿ ಶಾಖಾಧಿಕಾರಿಗಳ ಮೇಜಿನ ಮೇಲಿದ್ದ ಮಗುವು, ಅವರು ಎರಡು ವರ್ಷ ಅಲೆದು ಮಂಜೂರು ಮಾಡಿಸಿಕೊಂಡಿದ್ದ ಹತ್ತು ದಿನಗಳ ರಜೆಯ ಆದೇಶವನ್ನು ನುಂಗಿರುತ್ತದೆ. ನಿಯಮ ೧ರಂತೆ ಸದರಿ ರಜೆಯು ಮಗುವಿನ ಹೆಸರಿಗೆ ನೋಂದಣಿಯಾಗಿದೆ.

೯. ಶಾಖಾಧಿಕಾರಿಗಳು "ಅಯ್ಯೋ, ಅದು ನನ್ನ ರಜೆ ಕಣಯ್ಯಾ!" ಎಂದದ್ದಕ್ಕೆ ಯುವಕರು ಮೊದಲ ಬಾರಿಗೆ ಮೆಲುದನಿಯಲ್ಲಿ, "ನಾನೇನ್ ಮಾಡ್ಲಿ ಸಾರ್? ಖಾತೆದಾರರೇ ಆರಿಸ್ಬೇಕು ಅಂತ ನೀವೇ ಅಲ್ವಾ ಅಂದಿದ್ದು?" ಎಂದಿರುತ್ತಾರೆ. ಮುಂದುವರಿದು, ಮಗುವಿನ ಪರವಾಗಿ ರಜೆಯನ್ನು ಬಿಟ್ಟುಕೊಡಲು ತಾವು ಸಿದ್ಧ, ಆದರೆ ಸಹಿ ಹಾಕಲು ಹದಿನೈದು ದಿನ ಹಿಡಿಯುತ್ತದೆ ಎಂದೂ ತಿಳಿಸಿರುತ್ತಾರೆ.

೧೦. ತರುವಾಯ ಸೀಲಿನ ಪರಿಶೀಲನೆಯನ್ನು ಕೈಗೆತ್ತಿಕೊಂಡು ಒಂದೂವರೆ ನಿಮಿಷದಲ್ಲಿ ಪೂರ್ಣಗೊಳಿಸಲಾಗಿದೆ. ಸೀಲು ಅಸಲಿ; ತಾರೀಖು ಸೋಮವಾರದ್ದು; ಸೋಮವಾರ ಮಗುವಿಗೆ ವರ್ಷ ತುಂಬಿರಲಿಲ್ಲ. ಮಗುವಿನ ಹೆಸರಿನಲ್ಲಿ ತೆರಿಗೆರಹಿತ ಮೊಗ್ಗು ಖಾತೆಯನ್ನು ತೆರೆಯಲಾಗಿದ್ದು, ಪಾಸ್‌ಬುಕ್ಕನ್ನು ಮಗುವಿನ ಕೈಗೆ ಸಿಗದಂತೆ ತಂದೆಯವರಿಗೆ ನೀಡಲಾಗಿದೆ. ಅವರು ಅದರಲ್ಲಿನ ಮಗಳ ಹೆಸರನ್ನು ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಎರಡು ಬಾರಿ ಓದಿಕೊಂಡು ರಜೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಇದಕ್ಕೆ ಹಿಡಿದ ಕಾಲವನ್ನು ಕಚೇರಿ ಎಣಿಸಿರುವುದಿಲ್ಲ.

೧೧. ಮೇಲ್ಕಂಡ ಪ್ರಕರಣವನ್ನು ಬೇರೆ ಯಾವ ಮಗುವೂ ಪೂರ್ವನಿದರ್ಶನವಾಗಿ ನುಂಗತಕ್ಕದ್ದಲ್ಲ.

ಸಹಿ/-
ಶಾಖಾಧಿಕಾರಿಗಳ ಪರವಾಗಿ, ಸೀಲು ಗುಮಾಸ್ತರು
(ಶಾಖಾಧಿಕಾರಿಗಳು ರಜೆಯಲ್ಲಿದ್ದಾರೆ)
(ಸೀಲು: ಮೇಜಿನ ಮೇಲೆ ಬಿದ್ದಿದೆ)

ಪ್ರತಿಗಳು:
೧. ರೆಕಾರ್ಡ್ ರೂಮಿಗೆ – ಅಲ್ಲಿ ಉಳಿದಿರುವ ಗಿಲಕಿಯನ್ನು ಮಗುವಿಗೆ ಹಿಂದಿರುಗಿಸುವ ಸೂಚನೆಯೊಂದಿಗೆ.
೨. ಲಿಫ್ಟಿಗೆ – ಅಂಟಿಸಲು.
೩. ವೆಲ್ಡಿಂಗ್ ಅಂಗಡಿಯ ಯುವಕರಿಗೆ – ಕಚೇರಿಯ ಗೇಟು ಮುರಿದಿದ್ದು, ಬಿಡುವಾದಾಗ ಬರುವ ವಿನಂತಿಯೊಂದಿಗೆ.
೪. ಖಾತೆದಾರರಿಗೆ – ಎರಡು ಪ್ರತಿ: ಒಂದು ತಿನ್ನಲು, ಒಂದು ಮುಂದೆ ಓದಲು.
೫. ಖಾತೆದಾರರ ತಾಯಿಯವರಿಗೆ – ಸ್ನಾನ ಮಾಡಿಸಬಹುದು.