ಮಾವನ ಜರ್ಮನ್ ಮತ್ತು ಅತ್ತೆಯ ಮೂಗು

ನನ್ನ ಸೋದರಮಾವನಿಗೆ ಎಂಟು ಭಾಷೆ ಗೊತ್ತಿಲ್ಲ. ಗೊತ್ತಿಲ್ಲದ ಆ ಎಂಟು ಭಾಷೆಗಳಲ್ಲಿಯೂ ಅವರು ಸಂಶೋಧನಾ ಪ್ರಬಂಧಗಳನ್ನು ಓದುತ್ತಾರೆ!

ಸುಮ್ಮನೆ ಪುಟ ತಿರುಗಿಸುತ್ತಾರೆ ಎಂದುಕೊಳ್ಳಬೇಡಿ. ಕನ್ನಡಕ ಒರೆಸಿ, ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದು, ನಡುನಡುವೆ "ಛೆ, ಇದು ಸರಿಯಿಲ್ಲ" ಎಂದು ಬರೆದವರ ಜತೆ ಜಗಳವಾಡುತ್ತಾ ಓದುತ್ತಾರೆ. ಭಾಷೆಯೇ ತಿಳಿಯದಿರುವಾಗ ಸರಿಯಿಲ್ಲವೆಂದು ಹೇಗೆ ಗೊತ್ತಾಗುತ್ತದೆ? ಕೇಳಿದೆ.

"ಟೇಬಲ್ ನೋಡು ಮಾರಾಯ್ತಿ. ಮೊದಲ ಸಾಲಲ್ಲಿದ್ದಷ್ಟು ಜನ ಕೊನೆಯ ಸಾಲಲ್ಲಿ ಇಲ್ಲ. ಉಳಿದವರು ಎಲ್ಲಿಗೆ ಹೋದರು? ಸ್ಟಾಕ್ ಟ್ಯಾಲಿ ಆಗುವುದಿಲ್ಲ!"

ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮಾವ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದರು. ಯಾವ್ಯಾವುದೋ ದೇಶದಿಂದ ಬಂದ ಪೆಟ್ಟಿಗೆಗಳ ಮೇಲಿನ ಬರಹ ನೋಡಿಯೇ ಒಳಗೆ ಬೇರಿಂಗ್ ಉಂಟೋ ವಾಲ್ವ್ ಉಂಟೋ ಎಂದು ಹೇಳುತ್ತಿದ್ದರಂತೆ. ಓದುವುದಕ್ಕೆ ಭಾಷೆ ಬೇಡ, ಕಣ್ಣು ಸಾಕು ಎಂಬ ಸಿದ್ಧಾಂತ ಅಲ್ಲಿಯದು.

ಈ ವ್ಯಾಸಂಗಕ್ಕೆಲ್ಲ ಕಾರಣ ಅತ್ತೆಯ ಮೂಗು. ಎರಡು ವರ್ಷಗಳ ಹಿಂದೆ ಅತ್ತೆಗೊಂದು ಜ್ವರ ಬಂತು. ಹೋಗುವಾಗ ಅದು ಅವರ ವಾಸನೆ ತಿಳಿಯುವ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಅಂಗಳದಲ್ಲಿ ನಿಂತೇ ಪಕ್ಕದ ಮನೆಯಲ್ಲಿ ಬೇಯುತ್ತಿರುವ ಮೀನು ಬಂಗುಡೆಯೋ ಬೂತಾಯಿಯೋ ಎಂದು ಹೇಳುತ್ತಿದ್ದವರು ಈಗ ಒಗ್ಗರಣೆ ಹಾಕಿ, "ಇವರೇ, ಸೀದಿತಾ ನೋಡಿ" ಎಂದು ಕೂಗುತ್ತಾರೆ. ಮಾವ ಓಡಿಹೋಗಿ ಮೂಸಿ ಹೇಳುತ್ತಾರೆ. ಡಾಕ್ಟರರು, "ಬಂದರೂ ಬರಬಹುದು, ಕಾಯಬೇಕು" ಎಂದರು. ಕಾಯುವುದು ಮಾವನಿಗೆ ಗೊತ್ತಿಲ್ಲದ ಒಂಬತ್ತನೆಯ ಭಾಷೆ!

ಆಮೇಲೆ ಶುರುವಾಯಿತು. ಇಂಟರ್ನೆಟ್ಟಿನಲ್ಲಿ ಎಲ್ಲಿ ಮೂಗಿನ ಚಿತ್ರ ಕಂಡರೂ ಸರಿ, ದೇರೆಬೈಲಿನ ಝೆರಾಕ್ಸ್ ಅಂಗಡಿಯಲ್ಲಿ ಅದರ ಪ್ರಿಂಟು. ಅಂಗಡಿಯವರು ಒಮ್ಮೆ ಜಪಾನಿ ಪ್ರಬಂಧವೊಂದನ್ನು ಕಂಡು, "ಎಂತ ಅಣ್ಣಾ, ಈ ಪ್ರಾಯದಲ್ಲಿ ಜಪಾನಿಗೆ ವೀಸಾ ಮಾಡಿಸ್ತಿದ್ದೀರಾ?" ಎಂದು ಕೇಳಿದ್ದರು. ಆ ಜಪಾನಿ ಪ್ರಬಂಧದ ಚಿತ್ರವನ್ನು ಮಾವ ಸ್ಕೇಲಿಟ್ಟು ಅಳೆದು, ಅತ್ತೆಗೆ ಯಾವ ಕೋನದಲ್ಲಿ ತಲೆ ಎತ್ತಿ ಉಸಿರೆಳೆಯಬೇಕೆಂದು ಎಂಟು ದಿನ ತರಬೇತಿ ಕೊಟ್ಟರು. ಒಂಬತ್ತನೆಯ ದಿನ ಕೊನೆಯ ಪುಟ ನಾನು ನೋಡಿದೆ. ಅಲ್ಲಿ ಆ ಮೂಗಿನ ಮಾಲೀಕರ ಪೂರ್ತಿ ಚಿತ್ರವಿತ್ತು. ನಾಯಿ!

"ಎಂಟು ದಿನ ನನ್ನನ್ನು ನಾಯಿ ಮಾಡಿದಿರಲ್ಲ!" ಎಂದರು ಅತ್ತೆ.

"ನಾಯಿಯ ಮೂಗು ಎಷ್ಟು ಚುರುಕು ಗೊತ್ತುಂಟಾ? ನಿನಗೇ ಲಾಭ" ಎಂದರು ಮಾವ.

ಮೊಬೈಲಿನಲ್ಲಿ ಭಾಷಾಂತರ ಮಾಡಿ ನೋಡಿ ಎಂದು ನಾನೇ ಹೇಳಿಕೊಟ್ಟಿದ್ದೆ. ಅದು ಕೊಟ್ಟ ಕನ್ನಡವನ್ನು ಎರಡು ಸಲ ಓದಿ ಮಾವ ಫೋನು ನನ್ನ ಕೈಗಿಟ್ಟರು. "ಇದಕ್ಕಿಂತ ಜರ್ಮನ್ ಸುಲಭ."

ಜರ್ಮನ್ ಮೇಲೆ ಅವರಿಗೆ ವಿಶೇಷ ಪ್ರೀತಿ. ಒಂದು ಸಂಜೆ ಕರೆದು ಫೈಲು ಬಿಚ್ಚಿದರು. "ಮೂಗಿನ ಚಿತ್ರದ ಅಡಿಯಲ್ಲೆಲ್ಲ 'ಗೆರುಚ್' ಅಂತ ಉಂಟು. ಅಂದರೆ ವಾಸನೆ. ಅದರ ಮುಂದೆ ನೋಡು, ಎಂತ ಬರೆದಿದೆ? ಯು, ಎನ್, ಡಿ. ಉಂಡು! ಗೆರುಚ್ ಉಂಡು! ಶುದ್ಧ ತುಳು! ಜರ್ಮನಿಯವರೇ ಹೇಳ್ತಿದ್ದಾರೆ ಮಗಾ, ವಾಸನೆ ಉಂಟು ಅಂತ. ಒಂದು ಕಡೆ ಅಲ್ಲ, ಐವತ್ತೊಂದು ಕಡೆ."

ಐವತ್ತೊಂದು ಕಡೆಯೂ ಕೆಂಪು ಗೆರೆ ಇತ್ತು. ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಎಂ.ಎಸ್ಸಿ. ಓದುವಾಗ ಎರಡು ಸೆಮಿಸ್ಟರ್ ಜರ್ಮನ್ ಕಲಿತಿದ್ದೆ, ಮತ್ತು ತಪ್ಪು ಕಂಡರೆ ತಿದ್ದದೆ ಬಿಡುವುದು ನನಗೆ ಬರುವುದಿಲ್ಲ.

"ಮಾವ, ಅದು 'ಉಂಡು' ಅಲ್ಲ. 'ಉಂಡ್' ಎಂದರೆ 'ಮತ್ತು'. ವಾಸನೆ ಮತ್ತು ರುಚಿ ಎಂದು ಬರೆದಿದ್ದಾರೆ."

"ಮತ್ತು?"

"ಹೌದು. ಅಷ್ಟೇ."

ಮಾವ ಪೆನ್ನಿಗೆ ಮುಚ್ಚಳ ಹಾಕಿದರು.

ಒಂದು ವಾರದ ನಂತರ ಅತ್ತೆಯ ಫೋನು. "ಎಂತ ಮಾಡಿದ್ದಿ ನೀನು? ಇವರು ಫೈಲು ಮುಚ್ಚಿಟ್ಟು ನ್ಯೂಸ್ ಪೇಪರ್ ಓದ್ತಾ ಕೂತಿದ್ದಾರೆ, ಕನ್ನಡದ್ದು!" ಧ್ವನಿಯಲ್ಲಿ ನಿಜವಾದ ಗಾಬರಿ ಇತ್ತು. ಮತ್ತೆ ಹೇಳಿದರು, "ನನ್ನ ಮೂಗಿನ ಆಸೆ ನಾನು ಬಿಟ್ಟು ಆಯ್ತು. ಇವರು ಬಿಟ್ಟರೆ ನನಗೆ ಹೆದರಿಕೆ."

ಮರುದಿನ ಹೋಗಿ ಫೈಲು ತಂದೆ. ನಿಘಂಟು ಇಟ್ಟುಕೊಂಡು ಎರಡು ಭಾನುವಾರ ಕುಳಿತು ಆ ಜರ್ಮನ್ ಪ್ರಬಂಧವನ್ನು ಓದಿದೆ. ಅರ್ಧ ನನಗೂ ಅರ್ಥವಾಗಲಿಲ್ಲ. ಅರ್ಥವಾದ ಒಂದು ಮಾತನ್ನು ಮಾತ್ರ ಮಾವನಿಗೆ ಒಪ್ಪಿಸಿದೆ: ಹೋದ ವಾಸನೆ ಮರಳುವಾಗ ಕೆಲವರಿಗೆ ಮೊದಲು ತಪ್ಪಾಗಿ ಬರುತ್ತದಂತೆ, ಒಳ್ಳೆಯದೆಲ್ಲ ಕೆಟ್ಟ ನಾತವಾಗಿ.

"ಅಂದರೆ ಮಲ್ಲಿಗೆ ನಾರಬಹುದು?"

"ನಾರಬಹುದು ಮಾವ."

ಅವರು ಪೆನ್ನಿನ ಮುಚ್ಚಳ ತೆಗೆದರು. ಅಂದಿನಿಂದ ದಿನವೂ ಮಲ್ಲಿಗೆ, ಲವಂಗ, ಲಿಂಬೆಹುಳಿ, ಎಲ್ಲವೂ ಅತ್ತೆಯ ಮೂಗಿನ ಮುಂದೆ ಹಾಜರು. "ನಾರ್ತದಾ?" "ಇಲ್ಲ." "ಸ್ವಲ್ಪವಾದರೂ?" "ಇಲ್ಲ ಮಾರಾಯ್ರೆ!" ಹೂವು ನಾರಲಿ ಎಂದು ಹರಕೆ ಹೊತ್ತ ಗಂಡಸು ಇನ್ನೊಬ್ಬರಿದ್ದಾರೆಯೇ?

ಕಳೆದ ತಿಂಗಳು ಒಂದು ಬೆಳಗ್ಗೆ ನಾನು ಅಲ್ಲಿದ್ದೆ. ಮಾವ ಸ್ನಾನ ಮುಗಿಸಿ ಬಂದು ಕುಳಿತಿದ್ದರು. ಕಾಫಿ ಕೊಡಲು ಬಾಗಿದ ಅತ್ತೆ ತಟ್ಟನೆ ಹಿಂದೆ ಸರಿದರು.

"ಎಂತ ಇದು ನಿಮ್ಮಲ್ಲಿ? ಸುಟ್ಟ ಟಯರಿನ ಹಾಗೆ!"

ನನಗೆ ಬಂದದ್ದು ಬರೀ ಸೋಪಿನ ಪರಿಮಳ.

"ನನ್ನಲ್ಲಾ?" ಎನ್ನುತ್ತಾ ಮಾವ ಎದ್ದು ಒಂದು ಹೆಜ್ಜೆ ಹತ್ತಿರ ಹೋದರು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅತ್ತೆ ಮೂಗು ಮುಚ್ಚಿಕೊಂಡರು.

ಮೂಗು ಮುಚ್ಚಿಕೊಂಡದ್ದರ ಅರ್ಥ ಮೂವರಿಗೂ ಒಟ್ಟಿಗೇ ಹೊಳೆಯಿತು. ಮಾವ ಹಾಗೆಯೇ ಹಿಂದಕ್ಕೆ ನಡೆದು ಬಾಗಿಲ ಬಳಿ ನಿಂತರು. "ಇಲ್ಲಿಂದ?"

"ಉಂಟು."

ಮೆಟ್ಟಿಲಿಳಿದರು. "ಇಲ್ಲಿಂದ?"

"ಉಂಟು."

ರಸ್ತೆಗೇ ಹೋಗಿ, ಆಟೋದವರೆಲ್ಲ ನೋಡುತ್ತಿದ್ದಂತೆ ಕೂಗಿದರು, "ಇಲ್ಲಿಂದ ನಾರ್ತೇನಾ?"

ಅತ್ತೆ ಮೂಗಿನಿಂದ ಕೈ ತೆಗೆದು ಕಣ್ಣೊರೆಸಿಕೊಂಡರು. "ಅಷ್ಟು ದೂರ ಹೋದರೆ ನನಗೆ ಹೇಗೆ ಗೊತ್ತಾಗುವುದು? ಹತ್ತಿರ ಬನ್ನಿ."